ನಮ್ಮೂರ ಹಳೆಯ ಕಟ್ಟೋಣಗಳ ಗುರುತು ಹಿಡಿಯುವ ಬಗೆ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳು ರಜೆಯಲ್ಲಿ ತಮ್ಮ ಮಕ್ಕಳೊಡನೆ ತವರಿಗೆ ಬಂದಾಗ ನಮ್ಮನ್ನು ಕಾಣಲು ಬರುವುದುಂಟು. ಕುಶಲಪ್ರಶ್ನೆ ಮುಗಿದ ಮೇಲೆ ಅವರಲ್ಲಿ ಅನೇಕರು ಕೇಳುವ ಮಾತೊಂದಿದೆ: "ಟೀಚರಮ್ಮಾ, ನಮ್ಮ ಬೀದಿಯ ಕೊನೆಗಿರುವ ಆ ಹಳೆಯ ಮಂಟಪ ಯಾರ ಕಾಲದ್ದು? ಮಕ್ಕಳು ಕೇಳುತ್ತಾರೆ, ಹೇಳಲು ಬಾರದು." ಊರಿನವರಲ್ಲಿ ಇಂಥ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮಾಗಡಿಯಲ್ಲಿ ಕೇಳಿದರೆ ಎಲ್ಲವೂ ಕೆಂಪೇಗೌಡರದು; ಚನ್ನಪಟ್ಟಣದಲ್ಲಿ ಟೀಪುವಿನದು; ರಾಮನಗರದಲ್ಲಿ ಶ್ರೀರಾಮನೇ ಬಂದು ಹೋದ ಸ್ಥಳ; ಇವರಾರೂ ಸಲ್ಲದ ಕಡೆ ಪಾಂಡವರಿದ್ದೇ ಇದ್ದಾರೆ. ಇಂಥ ಉತ್ತರಗಳನ್ನು ನಾವು ಹಾಸ್ಯಕ್ಕೀಡುಮಾಡುವುದಿಲ್ಲ. ಊರಿನವರು ತಮ್ಮ ಊರಿನ ಮೇಲಿಟ್ಟಿರುವ ಪ್ರೀತಿಯು ಅವುಗಳಲ್ಲಿದೆ. ಆದರೆ ಕಟ್ಟೋಣವು ತನ್ನ ವಿಷಯವನ್ನು ತಾನೇ ಹೇಳಬಲ್ಲುದಾಗಿರುವಾಗ ಅದನ್ನು ಕೇಳದೆ ನೆರೆಮನೆಯವರನ್ನು ಕೇಳುವುದು ಸರಿಯಲ್ಲವಷ್ಟೆ. ಕೇಳುವ ಬಗೆ ಹೇಗೆಂಬುದನ್ನು ನಮಗೆ ತಿಳಿದ ಮಟ್ಟಿಗೆ ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇವೆ.

ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುವುದು ಸುಲಭ. ಇಂದಿನ ರಾಮನಗರವು ಟೀಪುವಿನ ಕಾಲದಲ್ಲಿ ಶಂಸೇರಾಬಾದು. ಕಾಡು ತುಂಬಿದ ಹೆದ್ದಾರಿಯಲ್ಲಿ ಪ್ರಯಾಣಿಕರಿಗೆ ಭಯವಿರಬಾರದೆಂದು ದಿವಾನ್ ಪೂರ್ಣಯ್ಯನವರು ಸುಮಾರು 1800ರಲ್ಲಿ ಇಲ್ಲಿ ಪೇಟೆಯನ್ನು ನೆಲೆಗೊಳಿಸಿದರು, ಮೈಸೂರಿನ ರೆಸಿಡೆಂಟರಾಗಿದ್ದ ಸರ್ ಬ್ಯಾರಿ ಕ್ಲೋಸ್ ಎಂಬವರ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಯಿತು, ತರುವಾಯ ರಾಮನಗರವಾಯಿತು. 2007ರಲ್ಲಿ ಅದೇ ಹೆಸರಿನ ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಕನಕಪುರವು ನಮ್ಮ ಅಜ್ಜಿಯರಿಗೆ ಕಾನಕಾನಹಳ್ಳಿಯಾಗಿತ್ತು. ಹೆಸರುಗಳು ಹೀಗೆ ಬದಲಾಗುತ್ತಲೇ ಇರುತ್ತವೆ. ತಳಪಾದಿಯ ಕಲ್ಲು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಮೊದಲು ತಿಳಿಯಬೇಕಾದ ಸಂಗತಿ ಇದು. ಕಟ್ಟೋಣದಲ್ಲಿ ಕಾಣುವ ಯಾವ ಗುರುತೇ ಆಗಲಿ, "ಇದಕ್ಕಿಂತ ಹಿಂದಿನದಲ್ಲ" ಎಂದು ಹೇಳಬಲ್ಲುದೇ ಹೊರತು "ಇದೇ ವರುಷದ್ದು" ಎಂದು ಹೇಳಲಾರದು. ಉದಾಹರಣೆಗೆ ಮಂಗಳೂರು ಹೆಂಚನ್ನು ತೆಗೆದುಕೊಳ್ಳೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಪ್ಲೆಬ್ಸ್ಟ್ ಎಂಬ ಮಿಷನರಿಗಳು ಅದರ ಕಾರಣಕರ್ತರು. ಅದಕ್ಕೆ ಮುಂಚೆ ನಮ್ಮ ಸೀಮೆಯ ಮನೆಗಳಿಗೆಲ್ಲ ಕುಂಬಾರನು ಮಾಡಿದ ಬಾಗಿದ ನಾಡಹೆಂಚೇ ಗತಿ. ಆದಕಾರಣ ಚಪ್ಪಟೆಯಾದ ಮಂಗಳೂರು ಹೆಂಚಿನ ಮಾಡು 1865ಕ್ಕಿಂತ ಹಿಂದಿನದಾಗಿರಲಾರದು. ಮನೆಯೊಳಗೆ ನಿಂತು ತಲೆಯೆತ್ತಿದರೆ ಹೆಂಚಿನ ಕೆಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುತ್ತದೆ. ಕೆಲವು ಹೆಂಚುಗಳಲ್ಲಿ 1865 ಎಂಬ ಅಂಕೆಯೂ ಇರುತ್ತದೆ. ಅದನ್ನು ಕಂಡು "ನಮ್ಮ ಮನೆ 1865ರದು" ಎಂದು ಹಿಗ್ಗುವವರು ಅನೇಕರು. ಅದು ಕಾರ್ಖಾನೆ ಹುಟ್ಟಿದ ವರುಷವೇ ಹೊರತು ಹೆಂಚು ಸುಟ್ಟ ವರುಷವಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಕಾರ್ಖಾನೆಗಳು ಬಾಸೆಲ್ ಮಿಷನ್ನಿನ ಕೈತಪ್ಪಿ, 1919ರ ಸುಮಾರಿನಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ವಶವಾದವು. ಆ ಸಂಸ್ಥೆಯ ಹೆಸರುಳ್ಳ ಹೆಂಚಿನ ಮೇಲೆಯೂ 1865 ಎಂದೇ ಇರುತ್ತದೆ! ಹೆಸರನ್ನೂ ಅಂಕೆಯನ್ನೂ ಸೇರಿಸಿ ಓದಿದವರಿಗೆ ಮಾತ್ರ ಆ ಹೆಂಚು ನಿಜ ಹೇಳುತ್ತದೆ.

ಹಾಗಾದರೆ ಹೆಂಚು ಮನೆಯ ವಯಸ್ಸನ್ನು ಹೇಳಿತೆ? ಇಲ್ಲ, ಮಾಡಿನ ವಯಸ್ಸನ್ನು ಹೇಳಿತು. ನಾಡಹೆಂಚನ್ನು ಇಳಿಸಿ ಮಂಗಳೂರು ಹೆಂಚನ್ನು ಹೊದಿಸಿದ ಮನೆಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಆದಕಾರಣ ಹೆಂಚನ್ನು ಕಂಡೊಡನೆ ಅದರ ಕೆಳಗಿನ ಮರವನ್ನು ನೋಡಬೇಕು. ಗರಗಸದಿಂದ ಕೊಯ್ದ ನೇರವಾದ ರೀಪುಗಳಿದ್ದರೆ ಅವು ಹೆಂಚಿನ ಸಂಗಡವೇ ಬಂದವು. ರೀಪಿನ ಕೆಳಗೆ ಕೈಯಿಂದ ಕೆತ್ತಿದ ದುಂಡು ಜಂತೆಗಳಿದ್ದು, ಅವುಗಳಲ್ಲಿ ಬಿದಿರು ಕಟ್ಟಿದ ಹಳೆಯ ಗುರುತುಗಳಿದ್ದರೆ, ಮನೆಯು ಮಾಡಿಗಿಂತ ಹಿರಿಯದೆಂದು ತಿಳಿಯಬಹುದು.

ತಾರಸಿಯ ಮನೆಗಳಿಗೂ ಇದೇ ನ್ಯಾಯ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚು ಕೆಳಗಾಗಿ ಓರೆಯಾಗಿ ಜೋಡಿಸಿ ಗಾರೆ ಮೆತ್ತಿದ್ದರೆ ಅದು ಮದರಾಸು ತಾರಸಿ. ಮರದ ಬದಲು ಕಬ್ಬಿಣದ ತೊಲೆಗಳಿದ್ದು, ಒಂದರಿಂದೊಂದಕ್ಕೆ ಇಟ್ಟಿಗೆಯ ತಗ್ಗಾದ ಕಮಾನುಗಳು ಹಾಯ್ದಿದ್ದರೆ ಅದು ಅದರ ತಂಗಿ. ಕಬ್ಬಿಣದ ತೊಲೆಯ ಪಕ್ಕದಲ್ಲಿ ತಯಾರಿಸಿದವರ ಹೆಸರು ಉಬ್ಬಕ್ಷರದಲ್ಲಿರುತ್ತದೆ. ಸುಣ್ಣದ ಪದರದ ಕೆಳಗೆ ಬೆರಳಾಡಿಸಿದರೆ ತಿಳಿಯುತ್ತದೆ. ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪೆನಿಯ ಹೆಸರು ನಮ್ಮ ದೇಶದ ಹಳೆಯ ಮನೆಗಳಲ್ಲಿ ಹೇರಳವಾಗಿ ದೊರೆಯುವಂಥದು. ತಾತಾ ಎಂದಿದ್ದರೆ ಆ ತೊಲೆ 1912ಕ್ಕೆ ಹಿಂದಿನದಲ್ಲ. ಜಮ್‌ಷೇಡ್‌ಪುರದಲ್ಲಿ ಉಕ್ಕು ತಯಾರಾಗಲು ಮೊದಲಾದದ್ದು ಆ ವರುಷದಲ್ಲಿ. ಆದರೆ ಬೆಂಗಳೂರು ಮೈಸೂರು ರೈಲುದಾರಿ 1882ರಲ್ಲಿ ಪೂರ್ಣವಾದ ತರುವಾಯ ಸವೆದ ಕಂಬಿಗಳನ್ನು ಕೊಂಡು ಮನೆಯ ತೊಲೆಗಳಾಗಿ ಹಾಕಿಸಿಕೊಳ್ಳುವ ರೂಢಿಯೂ ಬಂದಿತು. ಕಂಬಿಯ ವಯಸ್ಸು ಬೇರೆ, ಆ ಮನೆಯ ವಯಸ್ಸು ಬೇರೆ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಇನ್ನು ಕಲ್ಲಿನ ಕಟ್ಟೋಣಗಳಿಗೆ ಬರೋಣ. ದೇವಾಲಯವನ್ನಾಗಲಿ ಮಂಟಪವನ್ನಾಗಲಿ ಕಂಡಾಗ ಜನರು ಗೋಪುರವನ್ನು ನೋಡುತ್ತಾರೆ. ಗೋಪುರದ ಮೇಲ್ಭಾಗವು ಸಾಮಾನ್ಯವಾಗಿ ಇಟ್ಟಿಗೆ ಗಾರೆಗಳದು. ಮಳೆ ಬಿಸಿಲಿಗೆ ಕೆಟ್ಟು, ಮೇಲಿಂದ ಮೇಲೆ ಜೀರ್ಣೋದ್ಧಾರವಾಗಿ, ಬಣ್ಣ ಬಳಿಸಿಕೊಂಡು ನಿಂತಿರುವುದರಿಂದ ಅದು ಸಾಕ್ಷಿಗಳಲ್ಲಿ ಅತ್ಯಂತ ದುರ್ಬಲವಾದುದು. ನೋಡಬೇಕಾದದ್ದು ಎರಡು ಕಡೆ: ನೆಲಕ್ಕೆ ತಾಕಿದ ಅಧಿಷ್ಠಾನ, ಮತ್ತು ಕಂಬದ ತಲೆಯ ಮೇಲೆ ತೊಲೆಯನ್ನು ಹೊತ್ತಿರುವ ಬೋದಿಗೆ. ಬೋದಿಗೆಯಿಂದ ಕಾಲವನ್ನು ತಿಳಿಯುವ ಕ್ರಮವನ್ನು ವಿಸ್ತಾರವಾಗಿ ತೋರಿಸಿಕೊಟ್ಟವರು ಪುದುಚೇರಿಯಲ್ಲಿ ಉಪಾಧ್ಯಾಯರಾಗಿದ್ದ ಜೂವೋ ದುಬ್ರಯ್ ಎಂಬ ಫ್ರೆಂಚ್ ವಿದ್ವಾಂಸರು. ಅವರ ಗ್ರಂಥವು 1914ರಲ್ಲಿ ಪ್ರಕಟವಾಯಿತು. ಅವರ ಕ್ರಮವನ್ನು ಸಂಗ್ರಹಿಸಿ ಹೇಳುವುದಾದರೆ, ಪಲ್ಲವರ ಕಾಲದ ಬೋದಿಗೆಯ ತೋಳು ಕೆಳಗೆ ದುಂಡಾಗಿ ಬಾಗಿ ಅಲೆಗಳಂಥ ಗೆರೆಗಳನ್ನು ತಳೆದಿರುತ್ತದೆ. ಚೋಳರ ಕಾಲಕ್ಕೆ ಆ ದುಂಡು ಹೋಗಿ, ತೋಳು ಓರೆಯಾಗಿ ನೇರಗೆರೆಯಲ್ಲಿ ಕತ್ತರಿಸಲ್ಪಟ್ಟು, ನಡುವೆ ಒಂದು ಸಾದಾ ಚಾಚು ಉಳಿಯುತ್ತದೆ. ವಿಜಯನಗರದ ಕಾಲದಲ್ಲಿ ಆ ಚಾಚು ಮುಂದಕ್ಕೆ ಬೆಳೆದು ಕಮಲದ ಮೊಗ್ಗಿನಂತೆ ಕೆಳಗೆ ಜೋಲುತ್ತದೆ. ಅದನ್ನು ಪುಷ್ಪಬೋದಿಗೆ ಎನ್ನುತ್ತಾರೆ. ತರುವಾಯದ ಶತಮಾನಗಳಲ್ಲಿ ಮೊಗ್ಗು ಇನ್ನೂ ಉದ್ದವಾಗಿ ಬಾಳೆಯ ಹೂವಿನಂತೆ ತೂಗುತ್ತದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡ ಹುಡುಗಿಯು ಶಾಸನವನ್ನು ಓದಲಾರದಿದ್ದರೂ ಕಂಬದ ಮುಂದೆ ನಿರುತ್ತರಳಾಗಿ ನಿಲ್ಲಬೇಕಾಗಿಲ್ಲ.

ಇದನ್ನು ಅಭ್ಯಾಸಮಾಡಲು ಚನ್ನಪಟ್ಟಣ ತಾಲ್ಲೂಕಿಗಿಂತ ಒಳ್ಳೆಯ ಪಾಠಶಾಲೆ ನಮ್ಮ ಸಮೀಪದಲ್ಲಿಲ್ಲ. ಹನ್ನೊಂದನೆಯ ಶತಮಾನದ ಆರಂಭದಿಂದ 1116ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆಲ್ಲುವವರೆಗೆ ಈ ಸೀಮೆ ಚೋಳರ ಕೈಯಲ್ಲಿತ್ತು. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯ, ಮಳೂರುಪಟ್ಟಣದ ಕೈಲಾಸೇಶ್ವರ, ಕೂಡಲೂರಿನ ಮಂಗಳೇಶ್ವರ, ಇವು ಆ ಕಾಲಕ್ಕೆ ಸೇರಿದವೆಂದು ವಿದ್ವಾಂಸರು ಹೇಳುತ್ತಾರೆ. ಕನ್ನಡನಾಡಿನ ನಡುವೆ ಅಧಿಷ್ಠಾನದ ಕಲ್ಲಿನ ಮೇಲೆ ತಮಿಳಕ್ಷರಗಳನ್ನು ಕಂಡು ಬೆರಗಾಗುವವರಿಗೆ ಇದೇ ಉತ್ತರ. ಓದಲು ಬಾರದವರೂ ಆ ಶಾಸನಗಳ ಸಾರವನ್ನು ತಿಳಿಯಬಹುದು: ರೈಸ್ ಸಾಹೇಬರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ ಅಚ್ಚಾಗಿವೆ; ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿಗಳೂ ಅದರಲ್ಲಿ ಸೇರಿವೆ.

ಚನ್ನಪಟ್ಟಣದ ಮಕ್ಕಳಿಗೆ ಇನ್ನೊಂದು ಅನುಕೂಲವುಂಟು. ಹಾಲೆ ಮರವನ್ನು ಚರಕಿಗೆ ಕೊಟ್ಟು ಬುಗುರಿಯನ್ನೂ ಬೊಂಬೆಯನ್ನೂ ಕಡೆಯುವುದನ್ನು ಅವರು ತೊಟ್ಟಿಲಿನಿಂದಲೇ ನೋಡಿ ಬೆಳೆದವರು. ಶಾಲೆಯ ಪ್ರವಾಸದಲ್ಲಿ ಬೇಲೂರಿಗೆ ಹೋದಾಗ, ಅಲ್ಲಿಯ ಬಳಪದ ಕಲ್ಲಿನ ಕಂಬಗಳ ಸುತ್ತ ಓಡುವ ಸಮವಾದ ಗೆರೆಗಳನ್ನು ಕಂಡು, "ಇದು ನಮ್ಮ ಮನೆಯ ಕೆಲಸದ ಹಾಗೆಯೇ ತಿರುಗಿಸಿ ಕಡೆದದ್ದು" ಎಂದು ಬೊಂಬೆ ಕೆಲಸದವರ ಮಗಳೊಬ್ಬಳು ನಾವು ಹೇಳುವ ಮುಂಚೆಯೇ ಹೇಳಿದಳು. ಹೊಯ್ಸಳರ ಶಿಲ್ಪಿಗಳು ಕಂಬವನ್ನು ತಿರುಗಿಸಿ ಕಡೆಯುತ್ತಿದ್ದರೆಂಬುದನ್ನು ಪುಸ್ತಕದಿಂದ ಕಲಿತ ನಮಗಿಂತ ಅವಳ ಕಣ್ಣು ಚುರುಕಾಗಿತ್ತು.

ಮಾಗಡಿಯ ಸಂಗತಿ ಬೇರೆ ತೆರನಾದುದು. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶದವರು ಮಾಗಡಿಯನ್ನು ತಮ್ಮ ರಾಜಧಾನಿ ಮಾಡಿಕೊಂಡು, 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯುವವರೆಗೆ ಆಳಿದರು. ವಿಜಯನಗರದ ಸಿಂಹಾಸನವು ಕುಸಿದ ಮೇಲೂ ಅದರ ಶಿಲ್ಪಪದ್ಧತಿ ಇಂಥ ಪಾಳೆಯಗಾರರ ಊರುಗಳಲ್ಲಿ ಬದುಕಿತು. ಆದಕಾರಣ ಚೌಕ, ಎಂಟುಮೂಲೆ, ಮತ್ತೆ ಚೌಕ ಎಂದು ವಿಭಾಗಿಸಿದ ಕಂಬ, ಚೌಕದ ಮುಖದಲ್ಲಿ ತೆಳುವಾಗಿ ಬಿಡಿಸಿದ ಮೂರ್ತಿ, ಮೇಲೆ ಜೋಲುವ ಮೊಗ್ಗು, ಇವನ್ನು ಕಂಡಾಗ "ವಿಜಯನಗರದ ಕಾಲ" ಎಂದು ತಟ್ಟನೆ ಹೇಳಿಬಿಡದೆ "ವಿಜಯನಗರದ ಪದ್ಧತಿ" ಎನ್ನುವುದು ಲೇಸು. ನಮ್ಮ ತೊಟ್ಟಿಮನೆಗಳ ಮರದ ಕಂಬಗಳಲ್ಲಿಯೂ ಅದೇ ಬಾಳೆಹೂವಿನ ಬೋದಿಗೆಯು ಕಳೆದ ಶತಮಾನದವರೆಗೆ ನಡೆದು ಬಂದಿದೆ. ಪದ್ಧತಿಗೂ ಕಾಲಕ್ಕೂ ಇರುವ ಈ ಅಂತರವನ್ನು ಮರೆತವರು ಬೆಂಗಳೂರಿನ ವಿಧಾನಸೌಧವನ್ನು ಒಮ್ಮೆ ನೆನೆಯಬೇಕು. ನಮ್ಮ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಪೂರ್ಣವಾದ ಆ ಸೌಧದಲ್ಲಿ ಕಂಬ, ಬೋದಿಗೆ, ಕಪೋತಗಳೆಲ್ಲ ಪ್ರಾಚೀನ ದ್ರಾವಿಡ ಪದ್ಧತಿಯವೇ. ಐನೂರು ವರುಷಗಳ ಮೇಲೆ ಬೋದಿಗೆಯೊಂದನ್ನೇ ನೋಡುವವನು ಏನೆಂದು ಬರೆದಾನೋ!

ಶಾಸನವು ಇದ್ದರಂತೂ ಅದರ ಮಾತೇ ಮಾತು. ಆದರೆ ಅದು ಕಣ್ಣೆದುರಿಗೇ ಇದ್ದು ಕಾಣದಿರುವುದೂ ಉಂಟು. ಮಾಗಡಿ ತಾಲ್ಲೂಕಿನ ಕೆಂಪಾಪುರದ ಮಂಟಪದಲ್ಲಿ ಹಿರಿಯ ಕೆಂಪೇಗೌಡರು ಅಲ್ಲಿಯೇ ಮಡಿದರೆಂದು ಹೇಳುವ ಬರಹವಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಮುಂಚೆ ಎಷ್ಟು ಮಂದಿ ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದ್ದರೋ! ಸುಣ್ಣದ ಪದರವೂ ಎಣ್ಣೆಬಣ್ಣವೂ ಅಕ್ಷರಕ್ಕೆ ಬಿರುಗಾಳಿಗಿಂತ ದೊಡ್ಡ ಶತ್ರುಗಳು.

ಕಟ್ಟೋಣವೇ ಉಳಿಯದ ಕಡೆ ಬೆಟ್ಟವು ಸಹಾಯಕ್ಕೆ ಬರುತ್ತದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನು ಹಿಡಿದ ಯುದ್ಧಕಾಲದಲ್ಲಿ ಸಂಗಡವಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಗಾರನು ಮೈಸೂರು ಸೀಮೆಯ ನೋಟಗಳನ್ನು 1794ರಲ್ಲಿ ಪ್ರಕಟಿಸಿದನು. ಅಂಥ ಚಿತ್ರಗಳನ್ನು ಸ್ಥಳಕ್ಕೆ ಹೊಂದಿಸುವಾಗ ಕೋಟೆಯ ಗೋಡೆಯನ್ನು ಹುಡುಕಬಾರದು. ಕರಿಗುಡ್ಡಕ್ಕೂ ಬಿಳಿಗುಡ್ಡಕ್ಕೂ ನಡುವಿನ ಕಮರಿ ಯಾವ ಕಡೆಯಿಂದ ಹಾಗೆ ಕಾಣುವುದೆಂದು ನೋಡುತ್ತ ನಡೆದರೆ, ಚಿತ್ರಗಾರನು ನಿಂತ ಸ್ಥಳದ ಸಮೀಪಕ್ಕೆ ಹೋಗಿ ಸೇರುತ್ತೇವೆ. ರಾಮದೇವರ ಬೆಟ್ಟಕ್ಕೆ ಬರುವವರಲ್ಲಿ ಹಲವರು 1975ರ ಷೋಲೆ ಚಿತ್ರದ ಹಳ್ಳಿಯನ್ನು ಹುಡುಕುತ್ತಾರೆ. ಹಳ್ಳಿಯು ಚಿತ್ರಕ್ಕಾಗಿ ನಿಲ್ಲಿಸಿದ ತೋರಿಕೆಯ ಊರಾದ್ದರಿಂದ ಅದಿಲ್ಲ. ಬಂಡೆಗಳನ್ನು ಮಾತ್ರ ಈಗಲೂ ಗುರುತಿಸಬಹುದು.

ಪಾಶ್ಚಾತ್ಯ ದೇಶಗಳಲ್ಲಿ ಹಳೆಯ ಪಾನಗೃಹಗಳನ್ನು ಹೀಗೆಯೇ ಗುರುತಿಸುವ ವಿದ್ಯೆಯೊಂದು ಬಹಳ ಬೆಳೆದಿದೆಯೆಂದು ಓದಿದ್ದೇವೆ. ಲಂಡನ್ ನಗರದ ಸದರ್ಕಿನಲ್ಲಿರುವ ಜಾರ್ಜ್ ಎಂಬ ಪ್ರಯಾಣಿಕರ ಗೃಹವು ಬೆಂಕಿಗೆ ಆಹುತಿಯಾದ ಬಳಿಕ 1677ರಲ್ಲಿ ಮತ್ತೆ ಕಟ್ಟಲ್ಪಟ್ಟು ಇಂದಿಗೂ ಮೇಲಂತಸ್ತಿನ ಪಡಸಾಲೆಗಳೊಡನೆ ನಿಂತಿದೆ. ಅದರ ನೆರೆಯ ಟಬಾರ್ಡ್ ಎಂಬುದನ್ನು 1873ರಲ್ಲಿ ಕೆಡವಿಬಿಟ್ಟರು. ಆ ದೇಶದಲ್ಲಿ ಮನೆಯೋ ಬಟ್ಟೆಯಂಗಡಿಯೋ ಆಗಿಹೋದ ಹಳೆಯ ಪಾನಗೃಹವನ್ನು ಸಹ, ಕುದುರೆಗಾಡಿಯು ಒಳಗಿನ ಅಂಗಳಕ್ಕೆ ಹೋಗುತ್ತಿದ್ದ ಎತ್ತರದ ಕಮಾನಿನಿಂದಲೂ, ಹೊಳಪು ಹೆಂಚು ಹಚ್ಚಿದ ಮುಂಗೋಡೆಯಿಂದಲೂ ಗುರುತಿಸುತ್ತಾರೆ. ನಮ್ಮಲ್ಲಿ ಹೆಂಡದಂಗಡಿಗಳು ಊರಾಚೆ ಗರಿಯ ಚಪ್ಪರದಲ್ಲಿದ್ದುದರಿಂದ ಅವು ಗೋಡೆಯ ಗುರುತನ್ನೂ ಉಳಿಸಲಿಲ್ಲ; ಅದಕ್ಕಾಗಿ ನಾವು ಮರುಗುವುದೂ ಇಲ್ಲ. ದಾರಿಗನ ದಣಿವಾರಿಸುವ ಆ ಗೃಹಗಳಿಗೆ ನಮ್ಮಲ್ಲಿ ಸಮಾನವಾದುದು ಛತ್ರ. ಹೆದ್ದಾರಿಗಾಗಿಯೇ ಹುಟ್ಟಿದ ರಾಮನಗರದಂಥ ಊರಿನಲ್ಲಿ ಛತ್ರವನ್ನು ಗುರುತಿಸಲರಿಯದವರು ಊರಿನ ಚರಿತ್ರೆಯ ಅರ್ಧವನ್ನೇ ಅರಿಯರು.

ಈಗ ಗೋದಾಮೋ ಕಛೇರಿಯೋ ವಾಸದ ಮನೆಯೋ ಆಗಿರುವ ಕಟ್ಟೋಣವು ಹಿಂದೆ ಛತ್ರವಾಗಿತ್ತೆಂಬುದಕ್ಕೆ ಕುರುಹುಗಳಾವುವು? ಮನೆಯ ಜಗುಲಿ ಇಬ್ಬರು ಮೂವರು ಕುಳಿತು ಮಾತಾಡುವಷ್ಟಿದ್ದರೆ ಛತ್ರದ ಜಗುಲಿ ಸಾಲಾಗಿ ಮಲಗುವಷ್ಟು ಅಗಲವಾಗಿರುತ್ತದೆ; ಅಂಚಿನ ಕಲ್ಲು ನೂರಾರು ಜನ ಕುಳಿತೆದ್ದು ನುಣ್ಣಗಾಗಿರುತ್ತದೆ. ಮುಂಗೋಡೆಯಲ್ಲಿಯೋ ಅಂಗಳದ ಕಲ್ಲುಗಳಲ್ಲಿಯೋ ಎತ್ತು ಕಟ್ಟುವ ಕಬ್ಬಿಣದ ಬಳೆಗಳಿರಬಹುದು. ಬಳೆ ಹೋಗಿದ್ದರೆ ಅದು ನಾಟಿದ್ದ ತೂತು ತುಕ್ಕಿನ ಕಲೆಯೊಡನೆ ಉಳಿದಿರುತ್ತದೆ. ದನಕ್ಕೆ ನೀರಿಡುವ ಕಲ್ಲುಬಾನಿ ಮೂಲೆಗೆ ಬಿದ್ದಿರುತ್ತದೆ. ಬಾವಿಯ ಕಟ್ಟೆ ಒಂದು ಸಂಸಾರದ ಅಗತ್ಯಕ್ಕಿಂತ ದೊಡ್ಡದಾಗಿರುತ್ತದೆ. ಎಲ್ಲಕ್ಕಿಂತ ನಿಶ್ಚಿತವಾದ ಗುರುತು ಹಿಂಭಾಗದಲ್ಲಿದೆ: ಒಂದರ ಪಕ್ಕದಲ್ಲೊಂದು ಸಣ್ಣ ಸಣ್ಣ ಕೋಣೆಗಳು, ಪ್ರತಿಯೊಂದರ ಸೂರಿನಲ್ಲಿಯೂ ಹೊಗೆಯ ಕಪ್ಪು. ಒಂದು ಮನೆಗೆ ಒಂದೇ ಅಡಿಗೆಮನೆ. ಒಬ್ಬರ ಒಲೆಯ ಅನ್ನವನ್ನು ಮತ್ತೊಬ್ಬರು ಮುಟ್ಟದಿದ್ದ ಕಾಲದ ಛತ್ರಕ್ಕೆ ನಾಲ್ಕಾರು. ಆ ಕಪ್ಪಿನ ಮುಂದೆ ನಿಂತಾಗ ನಮಗೆ ಹೆಮ್ಮೆಯಾಗುವುದಿಲ್ಲ. ಆದರೂ ಅದನ್ನು ಸುಣ್ಣ ಬಳಿದು ಮುಚ್ಚುವುದನ್ನು ನಾವು ಒಪ್ಪುವುದಿಲ್ಲ.

ಪೇಟೆಬೀದಿಯ ಮನೆಗಳಲ್ಲಿ ನೋಡಬೇಕಾದದ್ದು ಹೊಸ್ತಿಲು. ಕಲ್ಲಿನ ಹೊಸ್ತಿಲಿನಲ್ಲಿಯೂ ಮೇಲಿನ ಅಡ್ಡಪಟ್ಟಿಯಲ್ಲಿಯೂ ಉದ್ದಕ್ಕೆ ಗಾಡಿಯಿದ್ದರೆ, ಈಗ ಅಲ್ಲಿ ಮಂಚ ಹಾಕಿದ್ದರೂ ಅದು ಹಿಂದೆ ಅಂಗಡಿ. ಹಲಗೆಗಳನ್ನು ಒಂದೊಂದಾಗಿ ಆ ಗಾಡಿಯಲ್ಲಿ ಜಾರಿಸಿ ರಾತ್ರಿ ಅಂಗಡಿಯನ್ನು ಮುಚ್ಚುತ್ತಿದ್ದರು. ಹಲಗೆಗಳು ಉಳಿದಿದ್ದರೆ ಅವುಗಳ ಮೇಲೆ ಕ್ರಮಸಂಖ್ಯೆಯನ್ನು ಕಾಣಬಹುದು. ಗೋಡೆಯ ಮೇಲ್ಭಾಗದಲ್ಲಿ ಸೂರಿನ ಕೆಳಗೆ ಸಾಲಾಗಿ ಗಾಳಿಕಂಡಿಗಳಿದ್ದರೆ ರೇಷ್ಮೆಹುಳು ಸಾಕಿದ ಮನೆಯೇ ಎಂದು ವಿಚಾರಿಸಬೇಕು. ಹೊರಗೋಡೆಯಲ್ಲಿ ಚಂದ್ರಿಕೆ ಒರಗಿಸಿದ ಗುರುತಿದ್ದರೆ ಸಂಶಯವು ಮತ್ತಷ್ಟು ಕಡಿಮೆಯಾಗುತ್ತದೆ.

ಕೆಲವು ಸಂದರ್ಭಗಳಲ್ಲಿ ಗುರುತುಗಳ ಅಭಾವವೇ ಗುರುತು. ಕನಕಪುರದ ಕೋಟೆಯನ್ನು ಚನ್ನಪಟ್ಟಣದ ಜಗದೇವರಾಯನು ಕಟ್ಟಿಸಿದನೆನ್ನುತ್ತಾರೆ. ಅದರೊಳಗೆ ರಂಗನಾಥನ ಹಳೆಯ ದೇವಾಲಯವುಂಟು. ಆದರೆ ಶ್ರೀರಂಗಪಟ್ಟಣಕ್ಕೆ ದಂಡು ಹೋಗುವ ದಾರಿಯಲ್ಲಿದ್ದುದರಿಂದ, ಆಂಗ್ಲರಿಗೆ ಆಶ್ರಯ ದೊರೆಯಬಾರದೆಂದು ಟೀಪುವು ಊರನ್ನು ಎರಡು ಬಾರಿ ಹಾಳುಗೆಡವಿಸಿದನು. ಆದಕಾರಣ ಕನಕಪುರದಲ್ಲಿ 1799ಕ್ಕೆ ಹಿಂದಿನ ವಾಸದ ಮನೆಯೆಂದು ಯಾರಾದರೂ ಹೇಳಿದರೆ ನಾವು ಎರಡು ಸಲ ಸಾಕ್ಷಿ ಕೇಳುತ್ತೇವೆ. ಚನ್ನಪಟ್ಟಣದ ಉತ್ತರಕ್ಕಿರುವ ಎರಡು ದೊಡ್ಡ ಗೋರಿಗಳಲ್ಲಿ ಒಂದು ಟೀಪುವಿನ ಧರ್ಮಗುರುಗಳಾಗಿದ್ದ ಅಖಿಲ್ ಷಾ ಖಾದ್ರಿಯವರದು. ಮತ್ತೊಂದು ಬೆಂಗಳೂರಿನ ಕಿಲ್ಲೇದಾರರಾಗಿದ್ದು ಸೆರೆಯಾಳುಗಳಿಗೆ ದಯೆ ತೋರಿದ ಸಯ್ಯದ್ ಇಬ್ರಾಹೀಮರದು. ಈ ಮಾತನ್ನು ಆಂಗ್ಲರೇ ದಾಖಲೆ ಮಾಡಿರುವುದು ಗಮನಾರ್ಹವಾಗಿದೆ.

ಇಷ್ಟೆಲ್ಲವನ್ನೂ ಈಗ ಬರೆಯಲು ಕಾರಣವಿದೆ. ಆಸ್ತಿ ಪಾಲಾದಾಗಲೂ ರಸ್ತೆ ಅಗಲವಾದಾಗಲೂ ನಮ್ಮ ಹಳೆಯ ಮನೆಗಳು ಬೀಳುತ್ತಿವೆ. ಬಿದ್ದ ಮನೆಯ ಕಂಬ, ಬಾಗಿಲವಾಡ, ಬೋದಿಗೆಗಳನ್ನು ವ್ಯಾಪಾರಿಗಳು ಕೊಂಡೊಯ್ಯುತ್ತಾರೆ. ಅವು ಬೆಂಗಳೂರಿನ ಹೊಸ ಹೋಟೆಲುಗಳಲ್ಲಿಯೂ ಪಾನಗೃಹಗಳಲ್ಲಿಯೂ ಎಣ್ಣೆ ಹಚ್ಚಿಸಿಕೊಂಡು ನಿಂತು, ನಿನ್ನೆ ಕಟ್ಟಿದ ಗೋಡೆಗೆ ನೂರು ವರುಷದ ಮುಖವನ್ನು ಕೊಡುತ್ತವೆ. ಅಲ್ಲಿ ಆ ಕಂಬವನ್ನು ನೋಡಿ ಕಾಲವನ್ನು ಹೇಳಹೊರಟವರು ತಪ್ಪುವುದು ಖಂಡಿತ. ಇಲ್ಲಿ ಅದು ನಿಂತಿದ್ದ ಕುಳಿಕಲ್ಲು ಏತಕ್ಕೆಂದು ಯಾರಿಗೂ ತಿಳಿಯದಂತಾಗುತ್ತದೆ. ಒಂದೇ ಮಾರಾಟದಿಂದ ಎರಡು ಕಡೆಯ ಸಾಕ್ಷ್ಯವೂ ಕೆಟ್ಟಿತು. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ನಾಗೇಗೌಡರು ಹಳ್ಳಿಯ ಬಾಳಿನ ಸಾಮಾನುಗಳನ್ನು ಕೂಡಿಸಿಟ್ಟದ್ದು ದೊಡ್ಡ ಉಪಕಾರವೇ ಸರಿ. ಆದರೆ ಮನೆಯನ್ನು ಮನೆಯಿದ್ದ ಜಾಗದಲ್ಲಿ ಓದುವ ಅವಕಾಶವನ್ನು ಯಾವ ಸಂಗ್ರಹಾಲಯವೂ ಕೊಡಲಾರದು.

ಮನೆ ಕೆಡವಬೇಡಿರೆಂದು ಹೇಳುವ ಅಧಿಕಾರ ನಮಗಿಲ್ಲ. ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಸಾಕುವವರ ಕಷ್ಟವನ್ನು ನಾವು ಬಲ್ಲೆವು. ಕೆಡಹುವ ಮುಂಚೆ ಒಂದು ದಿನವನ್ನು ಮಾತ್ರ ಕೇಳುತ್ತೇವೆ. ಬಾಗಿಲು ಯಾವ ದಿಕ್ಕಿಗೆ, ಕಂಬಗಳೆಷ್ಟು, ಒಂದೊಂದರ ನಡುವೆ ಎಷ್ಟು ಅಡಿ ಎಂದು ಬರೆದುಕೊಳ್ಳಿರಿ. ಬೋದಿಗೆಯ ಪಾರ್ಶ್ವವನ್ನು ಕಾಗದದ ಮೇಲೆ ಬಿಡಿಸಿರಿ. ಇಟ್ಟಿಗೆಯೊಂದರ ಉದ್ದ, ಅಗಲ, ದಪ್ಪಗಳನ್ನು ಅಳೆಯಿರಿ. ಹೆಂಚಿನ ಕೆಳಮೈಯ ಅಕ್ಷರಗಳನ್ನು ಇದ್ದಂತೆಯೇ ನಕಲು ಮಾಡಿರಿ. ಮನೆಯಲ್ಲಿ ಅಜ್ಜಿಯಿದ್ದರೆ ಆ ಕೋಣೆಗೆ ಏನೆಂದು ಕರೆಯುತ್ತಿದ್ದರೆಂದು ಕೇಳಿ ಅದನ್ನೂ ಅವರ ಮಾತಿನಲ್ಲಿಯೇ ಬರೆಯಿರಿ. ಛಾಯಾಚಿತ್ರ ತೆಗೆಯುವಾಗ ಗೋಡೆಗೆ ಒಂದು ಅಡಿಕೋಲನ್ನು ಒರಗಿಸಿರಿ. ಆ ಹಾಳೆಗಳ ಒಂದು ಪ್ರತಿಯನ್ನು ಊರಿನ ಹೆಸರು, ತಾಲ್ಲೂಕು, ತಾರೀಖುಗಳೊಡನೆ ಶಾಲೆಗೆ ಕಳುಹಿಸಿದರೆ, ಪುಸ್ತಕಭಂಡಾರದಲ್ಲಿ ಚರಿತ್ರೆಯ ಪುಸ್ತಕಗಳ ಪಕ್ಕದಲ್ಲಿ ನಾಲ್ಕು ತಾಲ್ಲೂಕುಗಳಿಗೂ ಒಂದೊಂದು ಕಟ್ಟನ್ನು ಇಟ್ಟಿದ್ದೇವೆ. ಸದ್ಯಕ್ಕೆ ಮಾಗಡಿಯ ಕಟ್ಟು ಎಲ್ಲಕ್ಕಿಂತ ತೆಳ್ಳಗಿದೆ.